ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ: ಕ್ರೈಸ್ತ ನಂಬಿಕೆ ಬದುಕನ್ನು ನೋಡುವ ಬಗೆ

ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಶುಭಸಂದೇಶ ಅನ್ನುತ್ತಾರೆ. ಅವುಗಳಲ್ಲಿ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕತೆ ಇದೆ. ಮಂಡ್ಯ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಿನ ಜಾವವೇ ಎದ್ದು ಆಳು ಹುಡುಕಿಕೊಂಡು ಪೇಟೆಗೆ ಹೋಗುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಡಿ ಕೆಲವರನ್ನು ಕರೆದುಕೊಂಡು ಬರುತ್ತಾನೆ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ. ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಆಗಲೂ ಒಂದಷ್ಟು ಜನ ಅಲ್ಲೇ ನಿಂತಿರುತ್ತಾರೆ. ಇಡೀ ದಿನ ಸುಮ್ನೆ ಯಾಕೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೀಲಿಲ್ಲ ಸ್ವಾಮಿ ಅನ್ನುತ್ತಾರೆ. ಅವರನ್ನೂ ಕರೆದುಕೊಂಡು ಬರುತ್ತಾನೆ.

ಹೊತ್ತು ಮುಳುಗಿದ ಮೇಲೆ ಬಟವಾಡೆ. ಐದು ಗಂಟೆಗೆ ಬಂದವನ ಕೈಗೆ ಮೊದಲು ಪೂರ್ತಿ ದಿನದ ಕೂಲಿ ಬೀಳುತ್ತದೆ. ಬೆಳಗಿನಿಂದ ಬಿಸಿಲಲ್ಲಿ ಬೆಂದವನಿಗೂ ಅಷ್ಟೇ. ಅವನು ಗೊಣಗುತ್ತಾನೆ. ಯಜಮಾನ ಹೇಳುತ್ತಾನೆ: ನಿನಗೆ ಒಪ್ಪಿದ್ದನ್ನು ಕೊಟ್ಟಿದ್ದೇನೆ, ನಾನು ಕೈ ಬಿಚ್ಚಿ ಕೊಟ್ಟರೆ ನಿನಗೇಕೆ ಹೊಟ್ಟೆಯುರಿ?

ಈ ಕತೆ ಕೇಳಿದವರಿಗೆ ಮೊದಲು ಬರುವುದು ಸಿಟ್ಟು. ನಾಟಿ ಮಾಡಿದವರಿಗೆ, ಕಬ್ಬು ಕಡಿದವರಿಗೆ ಇನ್ನೂ ಜಾಸ್ತಿ. ಇದೆಂಥ ನ್ಯಾಯ? ಆ ಸಿಟ್ಟು ಬರಲಿ ಅಂತಲೇ ಯೇಸು ಕತೆಯನ್ನು ಹೀಗೆ ಕಟ್ಟಿದ್ದು. ಮೊದಲು ಬಂದವನಿಗೆ ಮೊದಲೇ ಕೂಲಿ ಕೊಟ್ಟು ಕಳಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಅವನು ನಿಂತು ನೋಡಬೇಕು. ನೋಡಿ, ತನ್ನ ಲೆಕ್ಕದ ಪುಸ್ತಕ ಇಲ್ಲಿ ನಡೆಯುವುದಿಲ್ಲ ಅಂತ ತಿಳಿಯಬೇಕು.

ಈ ಕತೆ ನನಗೆ ಅರ್ಥವಾಗಿದ್ದು ಮೈಸೂರಿನ ಸರ್ಕಲ್‌ಗಳಲ್ಲಿ. ಬೆಳಿಗ್ಗೆ ಹೊತ್ತು ಕರಣೆ, ಗುದ್ದಲಿ, ಊಟದ ಡಬ್ಬಿ ಹಿಡಿದು ಗಾರೆ ಕೆಲಸದವರು ನಿಂತಿರುತ್ತಾರೆ. ಮೇಸ್ತ್ರಿ ಬಂದು ಗಟ್ಟಿಮುಟ್ಟಾದವರನ್ನು ಮೊದಲು ಆರಿಸುತ್ತಾನೆ. ವಯಸ್ಸಾದವರು, ಕೈ ಕಾಲು ಸರಿಯಿಲ್ಲದವರು ಉಳಿದುಬಿಡುತ್ತಾರೆ. ಅವರ ಮನೆಯಲ್ಲೂ ರಾತ್ರಿ ಒಲೆ ಉರಿಯಬೇಕು, ಅಲ್ವಾ? ಯಜಮಾನ ಕೊಟ್ಟಿದ್ದು ಮಾಡಿದ ಕೆಲಸಕ್ಕೆ ತಕ್ಕ ಕೂಲಿಯಲ್ಲ, ಒಂದು ಸಂಸಾರದ ಒಂದು ದಿನದ ಅನ್ನ.

ಕ್ರೈಸ್ತ ನಂಬಿಕೆಯಿಂದ ಬದುಕನ್ನು ನೋಡುವ ಬಗೆ ಹೇಗೆ ಬದಲಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಕತೆಯಿಂದಲೇ ಶುರು ಮಾಡುತ್ತೇನೆ. ನಾವೆಲ್ಲ ಬೆಳೆದಿರುವುದು "ಮಾಡಿದ್ದುಣ್ಣೋ ಮಹರಾಯ" ಅನ್ನುವ ಮಾತು ಕೇಳುತ್ತಾ. ಆ ಮಾತಲ್ಲಿ ಸತ್ಯ ಇದೆ. ಬೈಬಲ್ಲಿನಲ್ಲೂ ಬಿತ್ತಿದ್ದನ್ನೇ ಕೊಯ್ಯುತ್ತೀ ಅನ್ನುವ ಮಾತಿದೆ. ಆದರೆ ಶುಭಸಂದೇಶದ ನಡುಮಧ್ಯೆ ಇರುವುದು ಇನ್ನೊಂದು ಮಾತು: ನೀನು ಏನಾದರೂ ಮಾಡುವ ಮೊದಲೇ ದೇವರು ನಿನ್ನನ್ನು ಪ್ರೀತಿಸಿಯಾಗಿದೆ. ಮೊದಲು ಕೃಪೆ, ಆಮೇಲೆ ನಡತೆ. ಒಳ್ಳೆಯವನಾದರೆ ದೇವರು ಒಪ್ಪುತ್ತಾನೆ ಅಂತಲ್ಲ. ಒಪ್ಪಿದ್ದಾನೆ, ಅದಕ್ಕೇ ಒಳ್ಳೆಯವನಾಗೋಣ ಅಂತ. ಈ ಹಿಂದುಮುಂದು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಕೃಪೆ ಕ್ರೈಸ್ತರ ಸ್ವಂತ ಆಸ್ತಿಯೇನಲ್ಲ. ನಮ್ಮ ಶರಣರು, ಹರಿದಾಸರು ಜೀವಮಾನವೆಲ್ಲ ಅದನ್ನೇ ಬೇಡಿದವರು. ಕ್ರೈಸ್ತ ನಂಬಿಕೆಯ ವಿಶೇಷ ಏನೆಂದರೆ, ಅದು ಆ ಕೃಪೆಯನ್ನು ಒಬ್ಬ ಮನುಷ್ಯನ ಬದುಕಿಗೆ, ಒಂದು ಜಾಗಕ್ಕೆ, ಒಂದು ಕಾಲಕ್ಕೆ ಕಟ್ಟಿ ಹಾಕುತ್ತದೆ. ಗಲಿಲೇಯದ ನಜರೇತಿನಲ್ಲಿ ಬಡಗಿ ಮನೆಯಲ್ಲಿ ಬೆಳೆದ ಯೇಸು, ಪೊಂತ್ಯ ಪಿಲಾತ ಅನ್ನುವ ರೋಮನ್ ಅಧಿಕಾರಿಯ ಕಾಲದಲ್ಲಿ ಜೆರುಸಲೇಮಿನ ಹೊರಗೆ ಶಿಲುಬೆಯ ಮೇಲೆ ಸತ್ತ. ಪಿಲಾತ ಅಲ್ಲಿ ಅಧಿಕಾರದಲ್ಲಿ ಇದ್ದಿದ್ದು ಕ್ರಿ.ಶ. 26ರಿಂದ 36ರವರೆಗೆ.

ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಹೋದವರು ಹೆಚ್ಚಾಗಿ ಹೊರಗೆ ನಿಂತು 175 ಅಡಿಯ ಎರಡು ಗೋಪುರಗಳ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಅಲ್ಲೊಂದು ಸಣ್ಣ ಚರ್ಚ್ ಎದ್ದಿತ್ತು. ಈಗಿನ ದೊಡ್ಡ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಒಳಗೆ ಹೋಗಿ ತಲೆ ಎತ್ತಿ ಕಿಟಕಿಗಳ ಬಣ್ಣದ ಗಾಜು ನೋಡಿ. ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಸಾವು, ಪುನರುತ್ಥಾನ ಅಂದರೆ ಸತ್ತ ಮೇಲೆ ಮತ್ತೆ ಎದ್ದು ಬಂದದ್ದು, ಸ್ವರ್ಗಾರೋಹಣ. ಕ್ರೈಸ್ತ ನಂಬಿಕೆಯ ಸಾರವೆಲ್ಲ ಆ ಗಾಜಿನಲ್ಲಿದೆ. ಅಲ್ಲಿ ಇರುವುದು ಉಪದೇಶವಲ್ಲ, ನಡೆದ ಸಂಗತಿ.

ಆ ಸಂಗತಿಗಳ ನಡುವೆ ಶಿಲುಬೆ ಇರುವುದು ಸಣ್ಣ ವಿಷಯವಲ್ಲ. ನಮಗೆ ಈಗ ಅದು ಕೊರಳ ಸರದಲ್ಲಿ ತೂಗುವ ಒಡವೆ. ಆಗ ಅದು ಗುಲಾಮರಿಗೆ, ದಂಗೆ ಎದ್ದವರಿಗೆ ರೋಮನ್ನರು ಇಟ್ಟಿದ್ದ ಶಿಕ್ಷೆ. ಬಟ್ಟೆ ಕಿತ್ತು, ಊರ ಹೊರಗೆ, ದಾರಿಹೋಕರು ಉಗಿಯುವ ಹಾಗೆ ನೇತುಹಾಕುವುದು. ಕೊಲ್ಲುವುದಕ್ಕಿಂತ ಮಾನ ಕಳೆಯುವುದೇ ಅದರ ಉದ್ದೇಶ. ದೇವರು ಅಲ್ಲಿದ್ದ ಅಂತ ನಂಬುವವನಿಗೆ ಮಾನ ಮರ್ಯಾದೆಯ ಲೆಕ್ಕ ಹಳೆಯ ಹಾಗೆ ಉಳಿಯಲು ಸಾಧ್ಯವೇ? ಊರಲ್ಲಿ ತಲೆ ಎತ್ತಿ ಓಡಾಡದ ಹಾಗಾಯಿತು ಅನ್ನುತ್ತೇವಲ್ಲ, ಸಾಲಕ್ಕೆ, ಫೇಲಾಗಿದ್ದಕ್ಕೆ, ಮಗಳ ಮದುವೆ ಮುರಿದಿದ್ದಕ್ಕೆ. ಹಾಗೆ ತಲೆ ತಗ್ಗಿಸಿದವನ ಪಕ್ಕದಲ್ಲೇ ದೇವರು ನಿಂತಿದ್ದಾನೆ ಅನ್ನುತ್ತದೆ ಶಿಲುಬೆ.

ಸೋತವರ ಬಗ್ಗೆ ಹೇಳುವಾಗ ಪೇತ್ರನನ್ನು ಬಿಡುವ ಹಾಗಿಲ್ಲ. ಯೇಸುವಿನ ಆಪ್ತ ಶಿಷ್ಯ. ಪ್ರಾಣ ಹೋದರೂ ಬಿಡುವುದಿಲ್ಲ ಅಂದವನು. ಬಂಧನದ ರಾತ್ರಿ ಕೋಳಿ ಕೂಗುವುದರೊಳಗೆ ಮೂರು ಸಲ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂದುಬಿಟ್ಟ. ಆಮೇಲೆ ಏನಾಯಿತು ಅನ್ನುವುದು ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿದೆ. ಎದ್ದು ಬಂದ ಯೇಸು ಕೆರೆ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿರುತ್ತಾನೆ. ಬನ್ನಿ, ತಿಂಡಿ ತಿನ್ನಿ ಅನ್ನುತ್ತಾನೆ. ಯಾಕೆ ಹಾಗೆ ಮಾಡಿದೆ ಅಂತ ಪೇತ್ರನನ್ನು ಒಂದು ಸಲವೂ ಕೇಳುವುದಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳುತ್ತಾನೆ. ಮೂರು ಸಲವೂ ನನ್ನ ಕುರಿಗಳನ್ನು ನೋಡಿಕೋ ಅಂತ ಕೆಲಸ ಒಪ್ಪಿಸುತ್ತಾನೆ. ತಪ್ಪಿಗೆ ಇಲ್ಲಿ ಮುಚ್ಚಿಹಾಕುವಿಕೆ ಇಲ್ಲ, ಆದರೆ ಅದೇ ಕೊನೆಯ ಮಾತೂ ಅಲ್ಲ. ಕಥೋಲಿಕರು ಪಾಪನಿವೇದನೆಗೆ, ಅಂದರೆ ತಮ್ಮ ತಪ್ಪನ್ನು ಗುರುಗಳ ಮುಂದೆ ಒಪ್ಪಿಕೊಳ್ಳಲು, ಹೋಗಿ ಮಂಡಿಯೂರುವುದು ಇದೇ ಧೈರ್ಯದ ಮೇಲೆ.

ನನ್ನ ಮಟ್ಟಿಗೆ ನಂಬಿಕೆಯ ನಿಜವಾದ ಪರೀಕ್ಷೆ ಇರುವುದು ಇನ್ನೊಬ್ಬರನ್ನು ನೋಡುವ ರೀತಿಯಲ್ಲಿ. ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಕೇಳುತ್ತಾರೆ: ಇದು ಯಾರು ಮಾಡಿದ ಪಾಪ, ಇವನದೋ, ಇವನನ್ನು ಹೆತ್ತವರದೋ? ನಮ್ಮ ಬೀದಿಯಲ್ಲೂ ದಿನಾ ಕೇಳುವ ಪ್ರಶ್ನೆಯೇ ಇದು. ಬುದ್ಧಿ ಬೆಳೆಯದ ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಿಗೆ ನೆಂಟರು ಏನು ಹೇಳುತ್ತಾರೆ ಗೊತ್ತಲ್ಲ, ಯಾವ ಜನ್ಮದ ಕರ್ಮವೋ ಅಂತ. ಯೇಸುವಿನ ಉತ್ತರ: ಇವನದೂ ಅಲ್ಲ, ಹೆತ್ತವರದೂ ಅಲ್ಲ. ಅಷ್ಟು ಹೇಳಿ ಆತ ಕುರುಡನ ಕಣ್ಣಿಗೆ ಮಣ್ಣು ಹಚ್ಚುವ ಕೆಲಸಕ್ಕೆ ಕೂರುತ್ತಾನೆ. ಯಾಕೆ ಹೀಗಾಯಿತು ಅನ್ನುವ ಪ್ರಶ್ನೆಯಿಂದ, ಈಗ ನಾನೇನು ಮಾಡಲಿ ಅನ್ನುವ ಪ್ರಶ್ನೆಗೆ ಕಣ್ಣು ಹೊರಳುತ್ತದೆ. ಆ ತಾಯಿಯ ಬೆನ್ನ ಮೇಲಿನ ದೊಡ್ಡ ಹೊರೆಯೊಂದು ಅಲ್ಲೇ ಇಳಿಯುತ್ತದೆ.

ಮತ್ತಾಯನ 25ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಅನ್ನುತ್ತಾನೆ ಯೇಸು. ಈ ಒಂದು ಮಾತು ಇತಿಹಾಸದಲ್ಲಿ ಮಾಡಿದ ಕೆಲಸ ದೊಡ್ಡದು. 3ನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯದಲ್ಲಿ ಪಿಡುಗು ಬಂದಾಗ, ಬೇರೆಯವರು ಓಡಿಹೋಗುತ್ತಿದ್ದ ಮನೆಗಳಿಗೆ ಕ್ರೈಸ್ತರು ಹೋಗಿ ಆರೈಕೆ ಮಾಡಿದ್ದನ್ನು ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಬರೆದಿಟ್ಟಿದ್ದಾನೆ. 4ನೇ ಶತಮಾನದಲ್ಲಿ ಸಂತ ಬೆಸಿಲ್, ಈಗಿನ ಟರ್ಕಿಯ ಸಿಸೇರಿಯದಲ್ಲಿ, ರೋಗಿಗಳಿಗೂ ಕುಷ್ಠ ಹಿಡಿದವರಿಗೂ ಜಾಗ ಕಟ್ಟಿಸಿದ.

ಅದೇ ಎಳೆ ನಮ್ಮೂರಿಗೂ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಪಕ್ಕದ ಗಂಜಾಮಿನಲ್ಲಿ ನೆಲೆಸಿದ. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲ ಅದು. ಜನ ಹೆದರುತ್ತಿದ್ದರು. ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ಓಡಾಡಿದವರಲ್ಲಿ ಆತನೂ ಒಬ್ಬ. ಮತ ಪ್ರಚಾರದಲ್ಲಿ ತಾನು ಗೆಲ್ಲಲಿಲ್ಲ ಅಂತ ಆತನೇ ಬರೆದುಕೊಂಡಿದ್ದಾನೆ. ಲಸಿಕೆ ಮಾತ್ರ ಮಕ್ಕಳ ಜೀವ ಉಳಿಸಿತು. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1906ರಲ್ಲಿ ಶುರುವಾಗಿದ್ದು ಹೆಂಗಸರು ಮಕ್ಕಳಿಗೆ ಅಂತ. ಗಂಡು ಡಾಕ್ಟರ ಮುಂದೆ ಬರಲು ಹೆಂಗಸರು ಹಿಂಜರಿಯುತ್ತಿದ್ದ ಕಾಲ. ಮನೆಯೊಳಗೇ ನರಳಿ ಸಾಯುತ್ತಿದ್ದವರನ್ನು ಯಾರೋ ಕಂಡರು. ಕಂಡಿದ್ದರಿಂದಲೇ ಕಟ್ಟಡ ಎದ್ದಿತು.

ನೋಟ ಬದಲಾದ ಒಬ್ಬರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದವರು. ತಂದೆ ಶಾಸ್ತ್ರಿಗಳು, ಮಗಳಿಗೆ ಸಂಸ್ಕೃತ ಕಲಿಸಿದರು. ಬರಗಾಲದಲ್ಲಿ ತಂದೆ ತಾಯಿ ಹೋದರು. ಆಮೇಲೆ ಗಂಡನೂ ತೀರಿಕೊಂಡರು. ಕೈಯಲ್ಲಿ ಸಣ್ಣ ಮಗಳು. 1883ರಲ್ಲಿ ಓದಲು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಸನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲ್ಹಾಮಿನ ಒಂದು ಮನೆಗೆ ಕಳಿಸಿದರು. ಊರು "ಕೆಟ್ಟವಳು" ಅಂತ ಹೊರಗೆ ಹಾಕಿದ್ದ ಹೆಂಗಸರಿಗೆ ಅಲ್ಲಿ ಆಸರೆ. ಅವರನ್ನು ಯಾರೂ ಹೀಗಳೆಯುತ್ತಿರಲಿಲ್ಲ. ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ರಮಾಬಾಯಿಗೆ ಇದು ಅರ್ಥವೇ ಆಗಲಿಲ್ಲ. ನೀವು ಇವರನ್ನು ಯಾಕೆ ಹೀಗೆ ನೋಡಿಕೊಳ್ಳುತ್ತೀರಿ ಅಂತ ಕೇಳಿದರು. ಉತ್ತರವಾಗಿ ಸನ್ಯಾಸಿನಿಯೊಬ್ಬರು ಯೊವಾನ್ನನ 4ನೇ ಅಧ್ಯಾಯ ಓದಿ ಹೇಳಿದರು. ಯೆಹೂದ್ಯರು ಹತ್ತಿರ ಸೇರಿಸದಿದ್ದ ಸಮಾರ್ಯ ಸೀಮೆಯ, ಐದು ಗಂಡಂದಿರನ್ನು ಕಂಡ ಹೆಂಗಸಿನ ಹತ್ತಿರ, ನಡು ಮಧ್ಯಾಹ್ನ ಬಾವಿ ಕಟ್ಟೆಯಲ್ಲಿ, ಯೇಸು ಕುಡಿಯಲು ನೀರು ಕೇಳಿದ ಕತೆ ಅದು.

ರಮಾಬಾಯಿ ಅದೇ ವರ್ಷ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ, ತಮ್ಮನ್ನು ಆಳಲು ಬಂದ ಬಿಳಿ ಗುರುಗಳ ಜತೆ ವಾದ ಮಾಡುವುದನ್ನೂ ಬಿಡಲಿಲ್ಲ. ಭಾರತಕ್ಕೆ ಮರಳಿ ವಿಧವೆಯರಿಗೆ ಆಶ್ರಯ ಕಟ್ಟಿದರು. 1896ರ ಬರದಲ್ಲಿ ಹಳ್ಳಿ ಹಳ್ಳಿ ತಿರುಗಿ ಸಾಯಲು ಬಿದ್ದಿದ್ದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವಿನಲ್ಲಿ ಸಾಕಿದರು, ಓದಿಸಿದರು. ಅವರ ಬಟ್ಟೆ ಊಟ ಬದಲಾಗಲಿಲ್ಲ, ಕಣ್ಣು ಬದಲಾಯಿತು. ನಂಬಿಕೆಯ ಬಗ್ಗೆ ಮಾತಾಡುವಾಗ ಹೆಸರು, ಉಡುಗೆ, ಯಾವ ಕಡೆ ಸೇರಿದರು ಅನ್ನುವುದರ ಮೇಲೆ ನಾವು ಬೇಡದಷ್ಟು ಜಗಳ ಆಡುತ್ತೇವೆ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ. ಯೆಹೂದ್ಯನೆಂದಿಲ್ಲ, ಗ್ರೀಕನೆಂದಿಲ್ಲ, ಗುಲಾಮನೆಂದಿಲ್ಲ, ಎಲ್ಲರೂ ಒಂದೇ ಅಂತ ಯೇಸುವಿನ ಪ್ರೇಷಿತ ಸಂತ ಪೌಲ ಗಲಾತ್ಯ ಸೀಮೆಯ ಕ್ರೈಸ್ತರಿಗೆ ಬರೆದ. ಆದರೂ ನಮ್ಮ ನಾಡಿನಲ್ಲಿ ಜಾತಿ ಚರ್ಚಿನ ಬಾಗಿಲಲ್ಲಿ ನಿಲ್ಲಲಿಲ್ಲ, ಚಪ್ಪಲಿ ಬಿಟ್ಟು ಒಳಗೂ ಬಂತು. ದಕ್ಷಿಣ ಭಾರತದಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸಮಾಧಿ ಜಾಗ ಮಾಡಿದ ಊರುಗಳಿವೆ. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿಯೇ ಇದನ್ನು ಒಪ್ಪಿಕೊಂಡು ದಲಿತರ ಏಳಿಗೆಗಾಗಿ ಒಂದು ನೀತಿ ಹೊರತಂದಿತು. ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವ ಪೂಜೆ ಮಾಡುತ್ತಾ ಹೀಗೆ ನಡೆದುಕೊಳ್ಳುವುದು ಬರೀ ಸಾಮಾಜಿಕ ದೋಷವಲ್ಲ, ನಂಬಿಕೆಯನ್ನೇ ಅಲ್ಲಗಳೆಯುವುದು. ಹೀಗಾಗಿ, ಚರ್ಚಿಗೆ ಹೋಗುವವರೆಲ್ಲ ಬದಲಾಗುತ್ತಾರೆ ಅಂತ ನಾನು ಹೇಳುವುದಿಲ್ಲ. ಕಿವಿಗೆ ಬಿದ್ದದ್ದು ಕಣ್ಣಿಗೆ ಇಳಿಯಲು ಬಹಳ ಕಾಲ ಬೇಕು.

ಅದು ಹೇಗೆ ಇಳಿಯುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಒಬ್ಬ ರೈತರ ಮಾತು ಹೇಳುತ್ತೇನೆ. ಶ್ರೀರಂಗಪಟ್ಟಣದ ಹತ್ತಿರದ ಊರು. ಅಣ್ಣನ ಜತೆ ಬದುವಿನ ಜಗಳ, ಕೋರ್ಟಲ್ಲಿ ಕೇಸು. ಭಾನುವಾರ ತಪ್ಪದೆ ಪೂಜೆಗೆ ಬರುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಬರುತ್ತದೆ. ಆ ಸಾಲು ಬಂದಾಗ ಅವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಉಳಿದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದರು. ಒಮ್ಮೆ ಕೇಳಿದೆ. "ಸುಳ್ಳು ಹೇಳಕ್ಕಾಯ್ತದಾ ದೇವ್ರ ಮುಂದೆ?" ಅಂದರು. ವರ್ಷಗಟ್ಟಲೆ ಹಾಗೇ ನಡೆಯಿತು. ಆಮೇಲೆ ಅಣ್ಣನ ಮಗಳ ಮದುವೆಗೆ ಹೋದರು, ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಕೇಸು ಇನ್ನೂ ನಡೆಯುತ್ತಿದೆ. ಬದು ಯಾರದು ಅಂತ ಕೋರ್ಟು ಹೇಳಲಿ, ಅಣ್ಣ ಮಾತ್ರ ಅಣ್ಣನೇ ಅನ್ನುತ್ತಾರೆ. ಈಗ ಆ ಸಾಲನ್ನು ಹೇಳುತ್ತಾರೆ, ಸ್ವಲ್ಪ ಮೆತ್ತಗೆ. ಕ್ಷಮೆ ಅಂದರೆ ನ್ಯಾಯ ಬಿಟ್ಟುಕೊಡುವುದಲ್ಲ ಅಂತ ಚರ್ಚಿನ ಯಾವ ಪ್ರವಚನದಲ್ಲೂ ನಾನು ಇಷ್ಟು ಚೆನ್ನಾಗಿ ಕೇಳಿಲ್ಲ.

ಸಾವಿನ ವಿಷಯಕ್ಕೂ ಬರಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವುದು ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರ್‌ನ ಹಿಂದಿನ ಭಾನುವಾರ, ಚರ್ಚಿನಿಂದ ಮನೆಗೆ ಒಯ್ದಿದ್ದ ಗರಿಗಳು ಅಷ್ಟು ಹೊತ್ತಿಗೆ ಒಣಗಿ ಗರಗರ ಅನ್ನುತ್ತಿರುತ್ತವೆ. ಅವನ್ನು ಚರ್ಚಿಗೆ ತಂದುಕೊಟ್ಟರೆ ಸುಟ್ಟು ಬೂದಿ ಮಾಡುತ್ತಾರೆ. ಸಾಲಿನಲ್ಲಿ ನಿಂತವರ ಹಣೆಗೆ ಗುರುಗಳು ಹೆಬ್ಬೆರಳಲ್ಲಿ ಆ ಬೂದಿಯ ಶಿಲುಬೆ ಎಳೆಯುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುತ್ತೀ ಅಂತ ಹೇಳುತ್ತಾರೆ. ಎಂಬತ್ತರ ಅಜ್ಜಿಗೂ ಅದೇ ಮಾತು, ಅವಳ ಸೆರಗು ಹಿಡಿದು ನಿಂತ ಮೊಮ್ಮಗನಿಗೂ ಅದೇ ಮಾತು. ಆ ಹುಡುಗ ಬೂದಿ ಮೂಗಿನ ಮೇಲೆ ಉದುರಿತು ಅಂತ ನಗುತ್ತಾನೆ. ಅದೇ ಹಣೆಯಲ್ಲಿ ಶಾಲೆಗೂ ಹೋಗುತ್ತಾನೆ.

ಹೀಗೆ ಸಾವನ್ನು ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಬರುವುದು ಪುನರುತ್ಥಾನದಿಂದ. ಕ್ರೈಸ್ತ ನಂಬಿಕೆಯಲ್ಲಿ ಮರುಜನ್ಮವಿಲ್ಲ. ಬದುಕು ಒಂದೇ ಸಲ. ಸತ್ತ ಯೇಸುವನ್ನು ದೇವರು ಎಬ್ಬಿಸಿದ, ನಮ್ಮನ್ನೂ ಎಬ್ಬಿಸುತ್ತಾನೆ ಅನ್ನುವುದು ಭರವಸೆ. ಎದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯ ಹಾಗೇ ಇತ್ತು ಅಂತ ಬರೆದಿದೆ. ನನಗೆ ಬಹಳ ಇಷ್ಟವಾದ ವಿವರ ಇದು. ಪಟ್ಟ ಕಷ್ಟ ಅಳಿಸಿಹೋಗುವುದಿಲ್ಲ, ಆದರೆ ಅದು ಮತ್ತೆ ನೋಯಿಸುವುದಿಲ್ಲ. ಇದನ್ನು ನಂಬಿದವರು ಅಳುವುದಿಲ್ಲ ಅಂತಲ್ಲ. ಗೆಳೆಯ ಲಾಜರನ ಸಮಾಧಿ ಮುಂದೆ ಯೇಸುವೇ ಅತ್ತ. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ನಮ್ಮ ಸಮಾಧಿಗಳಿಗೆ ಹೋಗಿ ನೋಡಿ. ಕಳೆ ಕಿತ್ತು, ಸುಣ್ಣ ಬಳಿದು, ಹೂವು ಹಾಕಿ, ಮೇಣದಬತ್ತಿ ಹಚ್ಚಿ ಜನ ಅಳುತ್ತಾರೆ. ಆಮೇಲೆ ಪಕ್ಕದ ಸಮಾಧಿಯವರ ಜತೆ ಮನೆ ಕಡೆ ಸಮಾಚಾರ ಮಾತಾಡುತ್ತಾರೆ.

ಇದೆಲ್ಲ ಒಂದೇ ದಿನ ಆಗುವುದಿಲ್ಲ. ಕೆ.ಆರ್. ನಗರ ತಾಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿ ಬೆಸಿಲಿಕಕ್ಕೆ ಜೂನ್ 13ರ ಹಬ್ಬದಲ್ಲಿ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಹೊಲ ಉಳುವಾಗ ರೈತನೊಬ್ಬನಿಗೆ ಸಂತನ ಪ್ರತಿಮೆ ಸಿಕ್ಕಿತು ಅನ್ನುವುದು ಅಲ್ಲಿಯ ಐತಿಹ್ಯ. ಬರುವವರಿಗೆ ಮದುವೆ ಆಗಬೇಕು, ಮಗು ಆಗಬೇಕು, ಕಾಯಿಲೆ ವಾಸಿಯಾಗಬೇಕು. ಹರಕೆ ಹೊತ್ತು ಬರುವುದನ್ನು ಕೆಲವರು ಕೀಳಾಗಿ ನೋಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯೇಸುವಿನ ಹತ್ತಿರ ಬಂದವರಲ್ಲಿ ಹೆಚ್ಚಿನವರು ಬಂದಿದ್ದು ಕೈಕಾಲು ಸರಿಯಾಗಲಿ, ಮಗಳು ಉಳಿಯಲಿ ಅಂತಲೇ. ಅವರನ್ನು ಆತ ಹೊರಗೆ ಕಳಿಸಲಿಲ್ಲ. ಕೇಳಲು ಬಂದವರು ಕೆಲವರು ಅಲ್ಲೇ ಉಳಿದು, ಬರಬರುತ್ತಾ ಆತನ ಕಣ್ಣಿನಿಂದ ನೋಡಲು ಕಲಿತರು.

ಕಲಿತ ಮೇಲೂ ಅನುಮಾನ ಬರುತ್ತದೆ. ಮದರ್ ತೆರೇಸಾ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ದೇವರು ಹತ್ತಿರವಿದ್ದಾನೆ ಅಂತ ಅನ್ನಿಸಿಯೇ ಇರಲಿಲ್ಲ ಅನ್ನುವುದು ಗೊತ್ತಾಯಿತು. ಆ ಎಲ್ಲ ವರ್ಷಗಳಲ್ಲೂ ಅವರು ರಸ್ತೆ ಬದಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಬರುತ್ತಲೇ ಇದ್ದರು. ಅದನ್ನು ಓದಿದ ಮೇಲೆ ನಂಬಿಕೆ ಅಂದರೆ ಒಳಗಿನ ಬೆಚ್ಚನೆ ಭಾವ ಅನ್ನುವ ನನ್ನ ಕಲ್ಪನೆ ಹೋಯಿತು. ಏನೂ ಅನ್ನಿಸದ ದಿನವೂ ಎದುರಿಗಿರುವವರನ್ನು ಅದೇ ಕಣ್ಣಿನಿಂದ ನೋಡುವುದನ್ನೇ ಈಗ ನಾನು ನಂಬಿಕೆ ಅಂತ ಕರೆಯುತ್ತೇನೆ.

ಇದನ್ನು ಸ್ವತಃ ಓದಿ ನೋಡಬೇಕು ಅನ್ನಿಸಿದವರು ಮಾರ್ಕನ ಶುಭಸಂದೇಶದಿಂದ ಶುರು ಮಾಡಿ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯ. ಒಂದು ಸಂಜೆ ಕೂತರೆ ಮುಗಿಯುತ್ತದೆ. ಆಮೇಲೆ ಲೂಕನ 15ನೇ ಅಧ್ಯಾಯ, ಯೊವಾನ್ನನ 9ನೇ ಅಧ್ಯಾಯ. ನಂಬಲೇಬೇಕು ಅಂತ ಓದಬೇಡಿ. ಈ ಯೇಸು ಯಾರ ಹತ್ತಿರ ಹೋಗಿ ನಿಲ್ಲುತ್ತಾನೆ, ಯಾರ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ ಅನ್ನುವುದನ್ನು ಮಾತ್ರ ಗಮನಿಸುತ್ತಾ ಓದಿ.